ಮಿಸ್ಕ್ವಾ ಸರೋವರದ ಮೊಟ್ಟೆ ಕಳವು

ಅಕ್ಟೋಬರ್ ಎಂಟು, ಬುಧವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಬರ್ನಡೆಟ್ ಕೀಸಿಕ್ ವನ್ಯಸಂಪತ್ತು ರಕ್ಷಣಾ ಠಾಣೆಯ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಬಂದರು. ಎರಡೂ ಕೈಯಲ್ಲಿ ಬಟ್ಟೆ ಒಗೆಯುವ ಟಬ್ಬು ಇತ್ತು. ಎಪ್ಪತ್ತೆಂಟು ವರ್ಷದ ಆಕೆ ಮಿಸ್ಕ್ವಾ ದಡದ ಮೂಲನಿವಾಸಿಗಳಾದ ಅನಿಶಿನಾಬೆ ಜನಕ್ಕೆಲ್ಲ ಕೂಕಮ್, ಅಂದರೆ ಅಜ್ಜಿ. ಟಬ್ಬನ್ನು ಸಾರ್ಜೆಂಟ್ ವೆಂಡೆಲ್ ಕೋಪನೇಸ್ ಬರೆಯುತ್ತಿದ್ದ ಕಾಗದಗಳ ಮೇಲೆಯೇ ಇಟ್ಟುಬಿಟ್ಟರು.

"ನೋಡೋ ಇದನ್ನ."

ಎರಡು ದೊಡ್ಡ ಟ್ರೌಟ್ ಮೀನು. ಎರಡರ ಹೊಟ್ಟೆಯೂ ಬಾಲದ ಕಡೆಯಿಂದ ಕಿವಿರಿನವರೆಗೆ ನೇರವಾಗಿ ಸೀಳಿತ್ತು. ಮಾಂಸ ಹಾಗೇ ಇತ್ತು, ಮೊಟ್ಟೆ ಮಾತ್ರ ಇರಲಿಲ್ಲ.

"ಎಲ್ಲಿ ಸಿಕ್ಕಿದ್ವು ಕೂಕಮ್?"

"ಬಿಳಿಬಂಡೆ ದಿಬ್ಬದ ಹತ್ರ. ದಡಕ್ಕೆ ಬಡ್ಕೋತಾ ಇದ್ವು."

"ಎಷ್ಟು ಹೊತ್ತಿಗೆ?"

"ಏಳು ಗಂಟೆಗೆ."

"ಬಲೆ ಏನಾದ್ರೂ ಕಂಡ್ರಾ?"

"ಬಲೆ ಕಂಡಿದ್ರೆ ನಿನ್ ಹತ್ರ ಯಾಕೋ ಬರ್ತಿದ್ದೆ? ಬಲೆ ಹಾಕಿದವನ ಕತ್ತಿನ ಪಟ್ಟಿ ಹಿಡ್ಕೊಂಡು ಅಲ್ಲೇ ಕೂತಿರ್ತಿದ್ದೆ."

ವೆಂಡೆಲ್ ಎಫ್‌ಐಆರ್ ಬರೆದುಕೊಂಡ. ಅವನೂ ಅದೇ ಊರಿನವನು, ವಯಸ್ಸು ಐವತ್ತೆರಡು. ಸಮವಸ್ತ್ರ ತೊಟ್ಟ ದಿನದಿಂದ ಊರವರ ಬಾಯಲ್ಲಿ 'ಮೀನ್ ಪೊಲೀಸ್'. ಈ ದೂರಿನ ತೂಕ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಿಸ್ಕ್ವಾದಲ್ಲಿ ಸೆಪ್ಟೆಂಬರ್ ಒಂದರಿಂದ ವರ್ಷದ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಉಳಿದ ತಿಂಗಳಲ್ಲಿ ಒಬ್ಬರಿಗೆ ದಿನಕ್ಕೆ ಒಂದೇ ಮೀನು. ಮೊಳಕ್ಕಿಂತ ಉದ್ದದ್ದು ಸಿಕ್ಕರೆ ನೀರಿಗೆ ಬಿಡಬೇಕು. ಸರ್ಕಾರದ ಈ ನಿಯಮ ಅನಿಶಿನಾಬೆ ಜನರಿಗೆ ಅನ್ವಯಿಸುತ್ತಿರಲಿಲ್ಲ. ಹಳೆಯ ಒಪ್ಪಂದದ ಪ್ರಕಾರ ಬಲೆ ಹಾಕುವ ಹಕ್ಕು ಅವರಿಗಿತ್ತು. ಆದರೂ ಹತ್ತು ವರ್ಷದ ಹಿಂದೆ ಬರ್ನಡೆಟ್ ಮನೆಮನೆಗೆ ಹೋಗಿ, ಜಗಳವಾಡಿ, ಅತ್ತು, ಶರತ್ಕಾಲದ ಬಲೆಗಳನ್ನೆಲ್ಲ ಗೋಡೆಗೆ ತೂಗುಹಾಕಿಸಿದ್ದರು. ಹತ್ತು ವರ್ಷಕ್ಕೆಂದು ಊರು ಕೊಟ್ಟ ಆ ಮಾತಿನ ಅವಧಿ ಈಗ ಮುಗಿಯುತ್ತಿತ್ತು. ಮುಂದುವರಿಸಬೇಕೋ ಬೇಡವೋ ಎಂದು ಶನಿವಾರ ಮೂರು ಗಂಟೆಗೆ ಊರ ಸಭೆ.

"ನಾವು ಬಾಯಿ ಕಟ್ಟಿ ಕೂತಿರೋದು, ಇನ್ಯಾವನೋ ಬಂದು ಹೊಟ್ಟೆ ಸೀಳ್ಕೊಂಡು ಹೋಗೋದು," ಎಂದರು ಬರ್ನಡೆಟ್. "ಶನಿವಾರ ನಾನು ಯಾವ ಮುಖ ಇಟ್ಕೊಂಡು ಕೈ ಎತ್ತಿ ಅನ್ನಲಿ?"

ದೋಣಿಗೆ ಪೆಟ್ರೋಲ್ ಹಾಕಿಸುವಾಗ ಅಂಗಡಿಯವನು ಹಲ್ಲು ಕಿರಿದ. "ಸುದ್ದಿ ಬಂತು ಸಾರ್ಜೆಂಟ್. ನಿಮ್ಮೋರೇ ಯಾರೋ ಬಲೆ ಇಳಿಸಿರ್ತಾರೆ ಬಿಡಿ."

"ನೋಡಿದ್ರಾ?"

"ನೋಡಬೇಕಾ? ಗೊತ್ತಿರೋದೇ ಅಲ್ವಾ."

"ಹಾಗಾದ್ರೆ ಹೇಳಿಕೆ ಕೊಡಿ. ಬರ್ಕೋತೀನಿ."

ಅಂಗಡಿಯವನಿಗೆ ತಟ್ಟನೆ ಒಳಗೆ ಏನೋ ಕೆಲಸ ನೆನಪಾಯಿತು. ಕಾನ್ಸ್‌ಟೇಬಲ್ ಸಿನಿಕ್ಕಾ ಲಾಹ್ಟಿ ನಗು ತಡೆದುಕೊಂಡು ಎಂಜಿನ್ ಚಾಲೂ ಮಾಡಿದಳು.

ಹನ್ನೊಂದೂವರೆಗೆ ಬಿಳಿಬಂಡೆ ದಿಬ್ಬದ ಮೇಲೆ ಪಂಚನಾಮೆ ಶುರುವಾಯಿತು. ಟ್ರೌಟ್ ಮೊಟ್ಟೆ ಇಡಲು ಬರುವ ಕಲ್ಲಿನ ಹಾಸು ಅದು. ಆಳ ಎರಡಾಳು ಅಷ್ಟೆ. ಕೊಕ್ಕೆ ಕಟ್ಟಿದ ಹಗ್ಗವನ್ನು ನೀರಿನಲ್ಲಿ ಎಳೆದಾಡಿದರು. ಒಂದು ಗಂಟೆ ಹತ್ತಕ್ಕೆ ಏನೋ ಭಾರ ತಗುಲಿತು. ಮೇಲೆ ಬಂದದ್ದು ಜಾಳಿಗೆಯ ದೊಡ್ಡ ಈರುಳ್ಳಿ ಚೀಲ. ಒಳಗೆ ಕಲ್ಲು, ಜೊತೆಗೆ ಒಂಬತ್ತು ಮೀನು. ಕಿವಿರಿನ ಸುತ್ತ ಬಲೆಯ ದಾರ ಕೊರೆದ ಗುರುತು. ಐದು ಹೆಣ್ಣು, ನಾಲ್ಕು ಗಂಡು. ಕಲ್ಲುಗಳ ನಡುವೆ ಒಂದು ಹೆಬ್ಬಾತಿನ ರೆಕ್ಕೆಗರಿ ಸಿಕ್ಕಿಕೊಂಡಿತ್ತು. ಬುಡವನ್ನು ಚಾಕುವಿನಿಂದ ಕತ್ತರಿಸಲಾಗಿತ್ತು, ತುದಿ ಅಂಟಂಟಾಗಿತ್ತು.

"ಮೊಟ್ಟೆ ಮಾರೋಕೆ ಅಂದ್ರೆ ಗಂಡು ಮೀನು ಯಾಕೆ ಬೇಕು ಸರ್?" ಸಿನಿಕ್ಕಾ ಕೇಳಿದಳು.

"ಅದೇ ನನ್ನ ತಲೆ ತಿಂತಾ ಇದೆ."

ಗುರುವಾರ ಬೆಳಿಗ್ಗೆ, ಸಿಕ್ಕ ಮೀನುಗಳನ್ನು ಪರೀಕ್ಷಿಸಿದ್ದ ಮೀನು ತಜ್ಞೆ ಡಾ. ಹೆಲೆನ್ ಬುಷಾರ್ ಫೋನ್ ಮಾಡಿದರು. ಮೀನಿನ ತಲೆಯೊಳಗೆ, ಕಿವಿಯ ಭಾಗದಲ್ಲಿ, ಅಕ್ಕಿಕಾಳಿನಷ್ಟು ಕಲ್ಲೊಂದು ಇರುತ್ತದೆ. ಮರದ ಕಾಂಡದ ಹಾಗೆ ಅದರಲ್ಲೂ ವರ್ಷಕ್ಕೊಂದು ಬಳೆ ಮೂಡುತ್ತದೆ.

"ದೊಡ್ಡ ಹೆಣ್ಣಿಗೆ ಮೂವತ್ತೇಳು ವರ್ಷ. ಚಿಕ್ಕದಕ್ಕೂ ಹದಿನಾರು," ಎಂದರು. "ಈ ಮೀನು ಮೊದಲ ಸಲ ಮೊಟ್ಟೆ ಇಡೋಕೇ ಒಂಬತ್ತು ಹತ್ತು ವರ್ಷ ಬೇಕು. ಹೋದದ್ದು ಬೇಗ ತುಂಬಿ ಬರೋದಿಲ್ಲ."

"ಒಂದು ಗರಿ ಸಿಕ್ಕಿದೆ ಡಾಕ್ಟ್ರೇ. ಅದಕ್ಕೇನಾದ್ರೂ ಅರ್ಥ ಇದ್ಯಾ?"

"ಹಳೇ ಕಾಲದವರು ಮೊಟ್ಟೆಗೆ ಗಂಡು ಮೀನಿನ ಹಾಲು, ಅಂದ್ರೆ ವೀರ್ಯ, ಬೆರೆಸೋಕೆ ಗರಿನೇ ಬಳಸ್ತಿದ್ರು. ಕೈ ಹಾಕಿದ್ರೆ ಮೊಟ್ಟೆ ಕೆಡುತ್ತೆ ಅಂತ. ಸಾರ್ಜೆಂಟ್, ನಿಮ್ಮ ಕಳ್ಳನಿಗೆ ತಿನ್ನೋ ಮೊಟ್ಟೆ ಬೇಡ. ಅವನು ಮರಿ ಮಾಡಿಸ್ತಾ ಇದಾನೆ."

"ಅದಕ್ಕೆ ಏನೇನು ಬೇಕು?"

"ಕತ್ತಲು. ಹರಿಯೋ ತಣ್ಣೀರು, ಚಳಿಗಾಲದಲ್ಲೂ ಹೆಪ್ಪುಗಟ್ಟಬಾರದು."

ವೆಂಡೆಲ್ ಗೋಡೆಯ ನಕ್ಷೆಯ ಮುಂದೆ ನಿಂತ. ಚಳಿಗಾಲದಲ್ಲೂ ಹರಿಯುವ ಒರತೆಗಳು ಆ ಸೀಮೆಯಲ್ಲಿ ಮೂರು. ಒಂದು ಹೆದ್ದಾರಿಯ ಪಕ್ಕದಲ್ಲೇ ಇತ್ತು, ಅಲ್ಲಿ ಯಾವುದನ್ನೂ ಬಚ್ಚಿಡಲು ಸಾಧ್ಯವಿರಲಿಲ್ಲ. ಇನ್ನೊಂದಕ್ಕೆ ದಾರಿಯೇ ಇಲ್ಲ. ಮೂರನೆಯದು ನಲವತ್ತು ಕಿಲೋಮೀಟರ್ ದೂರದ ಸ್ಪಿಂಡಲ್ ಸರೋವರದ ದಡದಲ್ಲಿ, ವಾಲ್ಟರ್ ಪ್ರೊಕೊಪ್‌ನ ಲಾಡ್ಜಿನ ಹಿಂದೆ.

"ಆ ಈರುಳ್ಳಿ ಚೀಲ ಐವತ್ತು ಪೌಂಡಿನದು ಸರ್," ಎಂದಳು ಸಿನಿಕ್ಕಾ. "ಮನೆಗೆ ಯಾರೂ ಅಷ್ಟು ತರಲ್ಲ. ದೊಡ್ಡ ಅಡುಗೆಮನೆಗೆ ತರ್ತಾರೆ."

ಮಧ್ಯಾಹ್ನ ಎರಡಕ್ಕೆ ಇಬ್ಬರೂ ಪ್ರೊಕೊಪ್‌ನ ಅಡುಗೆಮನೆಯಲ್ಲಿದ್ದರು. ಅತಿಥಿಗಳು ಹೋಗಿ ಎರಡು ವಾರವಾಗಿತ್ತು. ಅರವತ್ತಮೂರರ ಪ್ರೊಕೊಪ್ ಆಲೂಗಡ್ಡೆ ತುಂಬಿದ ಕಡುಬು ಬೇಯಿಸುತ್ತಿದ್ದ.

"ಕೂತ್ಕೊಳ್ಳಿ ಸಾರ್ಜೆಂಟ್. ಎರಡು ತಿನ್ನಿ."

"ಬೇಡ. ಲಾಡ್ಜು ಮುಚ್ಚಿದ ಮೇಲೂ ಇಲ್ಲೇ ಇದೀರಾ?"

"ರಿಪೇರಿ ಕೆಲಸ."

"ಮಂಗಳವಾರ ಎಲ್ಲಿದ್ರಿ?"

"ಇಲ್ಲೇ. ಇನ್ನೆಲ್ಲಿ?"

"ಹಿಂದುಗಡೆ ಒರತೆ ಮೇಲೆ ಹೊಸ ಗುಡಿಸಲು ಎದ್ದಿದೆ. ಏನಿದೆ ಒಳಗೆ?"

"ಆಲೂಗಡ್ಡೆ."

"ಆಲೂಗಡ್ಡೆಗೆ ಎರಡು ಬೀಗವಾ?"

"ಕರಡಿ ಬರುತ್ತೆ."

ಗೋಡೆ ತುಂಬ ಹಳೆಯ ಫೋಟೋಗಳಿದ್ದವು. ಅತಿಥಿಗಳ ನಡುವೆ ಪ್ರೊಕೊಪ್‌ನ ಅಪ್ಪ, ಹಿಂದೆ ಸಾಲಾಗಿ ನೇತುಹಾಕಿದ ಟ್ರೌಟ್‌ಗಳು. ವೆಂಡೆಲ್ ಕೆಳಗೆ ಬರೆದ ಇಸವಿಗಳನ್ನು ಓದುತ್ತ ಹೋದ. ಮೊದಲ ಫೋಟೋದಲ್ಲಿ ಮೀನು ಮನುಷ್ಯನ ಸೊಂಟದವರೆಗೆ ಬರುತ್ತಿತ್ತು. ವರ್ಷ ಕಳೆದಂತೆ ಮೀನು ಚಿಕ್ಕದಾಗಿ, ಸಾಲು ತೆಳುವಾಗಿ, ಕೊನೆಯ ಫೋಟೋದಲ್ಲಿ ಮನುಷ್ಯರಷ್ಟೇ ಇದ್ದರು. ಸಿನಿಕ್ಕಾ ನೋಡುತ್ತಿದ್ದದ್ದು ಬೇರೆಯದನ್ನು: ಒಲೆಯ ಬದಿಗೆ ಬೂದಿ ಗುಡಿಸಲೆಂದು ಇಟ್ಟಿದ್ದ ಹೆಬ್ಬಾತಿನ ಇಡೀ ರೆಕ್ಕೆ. ಅದರಲ್ಲಿ ಒಂದು ಗರಿ ಇದ್ದ ಜಾಗದಲ್ಲಿ ಕತ್ತರಿಸಿದ ಮೋಟು ಉಳಿದಿತ್ತು. ಏನನ್ನೂ ಮುಟ್ಟದೆ ಇಬ್ಬರೂ ಎದ್ದು ಬಂದರು.

ಶುಕ್ರವಾರ ನ್ಯಾಯಾಧೀಶರಿಂದ ಶೋಧನಾ ವಾರಂಟ್ ಸಿಕ್ಕಿತು. ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಡಾ. ಬುಷಾರ್‌ರನ್ನೂ ಕರೆದುಕೊಂಡು ಹೋಗಿ ಗುಡಿಸಲಿನ ಬೀಗ ಒಡೆದರು. ಒಳಗೆ ಕತ್ತಲು, ನೀರು ಹರಿಯುವ ಸದ್ದು. ಕೆಂಪು ದೀಪದ ಬೆಳಕಿನಲ್ಲಿ ಹದಿನಾಲ್ಕು ಮರದ ತಟ್ಟೆಗಳು ಕಂಡವು. ಅವುಗಳ ತುಂಬ ಕಿತ್ತಳೆ ಬಣ್ಣದ ಮೊಟ್ಟೆ. ಮೂಲೆಯಲ್ಲಿ ಒದ್ದೆ ಬಲೆ.

ಡಾ. ಬುಷಾರ್ ಉಸಿರು ಬಿಗಿಹಿಡಿದು ಒಂದೊಂದೇ ತಟ್ಟೆಯ ಮೇಲೆ ಬಾಗಿದರು. ತಲೆ ಎತ್ತಿದಾಗ ಮುಖ ಅರಳಿತ್ತು.

"ಜೀವ ಇದೆ! ಮೂವತ್ತು ಸಾವಿರಕ್ಕೆ ಕಮ್ಮಿ ಇಲ್ಲ. ಯಾರೂ ತಟ್ಟೆ ಅಲುಗಿಸಬೇಡಿ. ಮೊಟ್ಟೆಯೊಳಗೆ ಕಣ್ಣಿನ ಚುಕ್ಕೆ ಮೂಡೋವರೆಗೂ ಇಲ್ಲೇ ಇರಲಿ. ವಸಂತಕ್ಕೆ ಮರಿ ಮಿಸ್ಕ್ವಾಗೆ ವಾಪಸ್."

"ಅಂದ್ರೆ ಸಾಕ್ಷಿಗೆ ಕಾವಲು ಕೂರಬೇಕು," ಎಂದಳು ಸಿನಿಕ್ಕಾ. "ಕಾವು ಕೂತ ಮೊದಲ ಪೊಲೀಸ್ ನಾನೇ ಇರಬೇಕು."

ಹತ್ತು ಐವತ್ತಕ್ಕೆ, ಠಾಣೆಯಿಂದ ತಂದಿದ್ದ ಗರಿಯನ್ನು ಅಡುಗೆಮನೆಯ ರೆಕ್ಕೆಯ ಮೋಟಿಗೆ ಹಿಡಿದು ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಕೊಂಡಿತು. ವೆಂಡೆಲ್ ತಿರುಗಿದ.

"ವಾಲ್ಟರ್ ಪ್ರೊಕೊಪ್, ನಿಮ್ಮನ್ನ ಬಂಧಿಸ್ತಾ ಇದೀನಿ."

ಪ್ರೊಕೊಪ್ ಒಲೆ ಆರಿಸಿ ಕೈ ಒರೆಸಿಕೊಂಡ. ಪ್ರತಿಭಟಿಸಲಿಲ್ಲ.

ಮೂರು ಗಂಟೆಗೆ ಊರ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೆಂಡೆಲ್ ಮುಂದೆ ನಿಂತು ನಾಲ್ಕೇ ಮಾತಿನಲ್ಲಿ ವಿಷಯ ಹೇಳಿದ: ಕದ್ದವನು ಸಿಕ್ಕಿದ್ದಾನೆ, ಊರಿನವನಲ್ಲ, ಮೊಟ್ಟೆ ಬದುಕಿವೆ. ಯಾರೋ ಹಿಂದಿನಿಂದ "ಮೀನ್ ಪೊಲೀಸ್!" ಎಂದು ಕೂಗಿದರು. ಇಡೀ ಸಭಾಂಗಣ ಅದನ್ನೇ ಹಿಡಿದು ಕೂಗಿತು. ಈ ಸಲ ಅದರಲ್ಲಿ ಕೊಂಕಿರಲಿಲ್ಲ. ಬರ್ನಡೆಟ್ ಕುರ್ಚಿಯಿಂದ ಎದ್ದರು.

"ಇನ್ನೂ ಹತ್ತು ವರ್ಷ ಬಲೆ ಗೋಡೆ ಮೇಲೇ ಇರಲಿ ಅನ್ನೋರು ಕೈ ಎತ್ತಿ."

ನೂರ ಹನ್ನೊಂದು ಕೈ ಎದ್ದವು. ಎತ್ತದೆ ಉಳಿದವರು ನಾಲ್ವರು. ಅವರಲ್ಲಿ ಒಬ್ಬ ಹೆಂಡತಿಯ ಮುಖ ನೋಡಿ ಐದು ಸೆಕೆಂಡು ತಡವಾಗಿ ಎತ್ತಿದ. ನಗೆಯ ಮಧ್ಯೆಯೇ ನಗಾರಿ ಶುರುವಾಯಿತು. ಬರ್ನಡೆಟ್ ಮುಖ ಮುಚ್ಚಿಕೊಂಡು ಅತ್ತರು. ನಂತರ ಎಲ್ಲರಿಗಿಂತ ಮೊದಲು ಕುಣಿದವರೂ ಅವರೇ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ವೆಂಡೆಲ್ ಆರೋಪಿಯ ಹೇಳಿಕೆ ಬರೆದುಕೊಂಡ.

"ಸ್ಪಿಂಡಲ್‌ನಲ್ಲಿ ಈಗ ಎಷ್ಟು ಟ್ರೌಟ್ ಇವೆ?"

"ಎರಡು ವರ್ಷದಿಂದ ನಾನು ಒಂದೂ ನೋಡಿಲ್ಲ. ಅಪ್ಪ ಎಲ್ಲಾ ಖಾಲಿ ಮಾಡಿದ. ನಾನೂ ಜೊತೆಗಿದ್ದೆ, ದೋಣಿ ನಡೆಸ್ತಾ ಇದ್ದೆ."

"ಮರಿ ತಂದು ಬಿಡಿ ಅಂತ ಸರ್ಕಾರವನ್ನ ಕೇಳಬಹುದಿತ್ತಲ್ಲ?"

"ಕೇಳಿದೆ. ಹದಿನೈದು ವರ್ಷ ಮೀನು ಹಿಡಿಯೋದು ನಿಲ್ಲಿಸಿ, ಆಮೇಲೆ ನೋಡೋಣ ಅಂದ್ರು." ಪ್ರೊಕೊಪ್ ತನ್ನ ಅಂಗೈ ನೋಡಿಕೊಂಡ. "ನಂಗೆ ಅರವತ್ತಮೂರು ಸಾರ್ಜೆಂಟ್. ಸಾಯೋದ್ರೊಳಗೆ ಒಂದು ಸಲ ಆ ನೀರಲ್ಲಿ ಮೀನು ತಿರುಗೋದು ನೋಡಬೇಕಿತ್ತು. ಕಾಯೋಕೆ ಆಗ್ಲಿಲ್ಲ."

"ಮೂವತ್ತೇಳು ವರ್ಷದ ಮೀನನ್ನ ಕೊಂದಿದೀರಿ."

"ಬಲೆಯಲ್ಲಿ ಸಾಯಬಾರದು ಅಂತಲೇ ಇತ್ತು ನಂಗೆ. ಬಿಡಿಸೋಷ್ಟರಲ್ಲಿ ಹೋಗಿಬಿಡ್ತಿದ್ವು."

ವೆಂಡೆಲ್ ಅದನ್ನೂ ಅವನ ಮಾತಿನಲ್ಲೇ ಬರೆದ. ಸಹಿ ಹಾಕಲು ಕಾಗದ ಮುಂದೆ ಸರಿಸಿದ. ಪ್ರೊಕೊಪ್ ಪೆನ್ನು ಎತ್ತಿಕೊಂಡ.

"ಮೊಟ್ಟೆ ಇನ್ನೂ ಬದುಕಿವೆಯಾ?"

"ಬದುಕಿವೆ."

"ಬಿಳಿ ಆದದ್ದನ್ನ ದಿನಾ ಆರಿಸಿ ತೆಗೀಬೇಕು. ಇಲ್ಲಾಂದ್ರೆ ಪಕ್ಕದವೂ ಕೆಡ್ತವೆ. ಕಾವಲಿಗಿರೋ ಆ ಹುಡುಗಿಗೆ ಹೇಳಿ."

"ಹೇಳ್ತೀನಿ."

ಪ್ರೊಕೊಪ್ ಸಹಿ ಹಾಕಿದ.