ಎರಡರ ಜಾಗದಲ್ಲಿ ಮೂರು

ಚಿಕ್ಕವಳಿದ್ದಾಗ ಪಂಕ್ಚರ್ ಸೊಲ್ಯೂಷನ್ನಿನ ಘಾಟು ಮೂಗಿಗೆ ಬಡಿದರೆ ಸಾಕು, ಅಪ್ಪ ಬಂದರೆಂದು ಅವಳು ಬಾಗಿಲಿಗೆ ಓಡುತ್ತಿದ್ದಳು. ಈಗ ಅಪ್ಪನ ಸೈಕಲ್ ಶಾಪನ್ನು ಅವಳೇ ನೋಡಿಕೊಳ್ಳುತ್ತಾಳೆ. ಅದೇ ಘಾಟು ಬಂದಾಗ ಮನಸ್ಸು ಬಾಗಿಲಿಗೆ ಓಡುವುದು ಮಾತ್ರ ಬೇರೊಬ್ಬನಿಗಾಗಿ...

ಆ ಬೆಳಿಗ್ಗೆ ಅವನು ನಿಜವಾಗಿಯೂ ಬಾಗಿಲಲ್ಲಿ ನಿಂತಿದ್ದ!

ಅಪ್ಪ ಮೌನಿ ಎಂದು ಕರೆಯುವ ಹುಡುಗ. ಇಲ್ಲೇ ಚಕ್ರ ಕಟ್ಟುವುದನ್ನು ಕಲಿತು, ಕಳೆದ ವರ್ಷ ಯಾರಿಗೂ ಹೇಳದೆ ಪಕ್ಕದ ಊರಿನ ಅಂಗಡಿ ಸೇರಿದವನು.

"ನಿಮ್ಮಪ್ಪ ಹೇಳಿ ಕಳಿಸಿದ್ರು," ಎಂದ, ಅವಳ ಮುಖ ನೋಡದೆ. "ಮಷೀನ್ ಕೆಟ್ಟಿದ್ಯಂತೆ."

"ಹೂಂ. ಸ್ಪೋಕಿನ ತುದಿಗೆ ಥ್ರೆಡ್ ಬೀಳ್ತಿಲ್ಲ."

ಅವನ ಕೆನ್ನೆ ಒಳಗೆ ಹೋಗಿದೆ... ನನ್ನನ್ನು ಒಮ್ಮೆಯಾದರೂ ನೆನೆದನೇ?

ಮೂಲೆಯಲ್ಲಿ ಟಯರ್ ಬಿಚ್ಚುತ್ತಿದ್ದ ಅಪ್ಪ ನಕ್ಕರು. "ಬಾರಯ್ಯಾ ಮೌನಿ! ನಿನ್ನ ಬಾಯಿಂದ ಒಂದು ಮಾತು ಹೊರಡೋದ್ರೊಳಗೆ ನಾನೊಂದು ಚಕ್ರ ಕಟ್ಟಿ ಮುಗಿಸ್ತೀನಿ!"

ಅವನು ಸ್ಪೋಕೊಂದನ್ನು, ತುದಿಗೆ ತಿರುಪಿನ ಗೆರೆ ಮೂಡಿಸುವ ಆ ಕೈಮಷೀನಿಗೆ ಕೊಟ್ಟು ಹಿಡಿ ತಿರುಗಿಸಿದ. ಹೊರಬಂದ ತುದಿ ಇಲಿ ಕಡಿದಂತಿತ್ತು. ಬಿಗಿದು ನೋಡಿದ, ಸಡಿಲಿಸಿ ನೋಡಿದ. ಮತ್ತೆ ಅದೇ ಹಾಡು.

ಮುಚ್ಚಳ ಬಿಚ್ಚಿದ. ಒಳಗೆ ಮೂರು ಪುಟ್ಟ ರೋಲರ್‌ಗಳು. ಒಂದು ಬಿಟ್ಟ ಗೆರೆಯನ್ನು ಮುಂದಿನದು ಹಿಡಿಯಬೇಕು. ಅದಕ್ಕೇ ಅವುಗಳ ಮೇಲೆ ಒಂದು, ಎರಡು, ಮೂರು ಎಂದು ಕೊರೆದಿರುತ್ತದೆ. ಈಗ ಎರಡರ ಜಾಗದಲ್ಲಿ ಮೂರು ಕೂತಿತ್ತು.

ಅವನ ಕೈ ನಿಂತಿತು.

"ಇದನ್ನ ಜೋಡಿಸಿದ್ದು ಯಾರು?"

"ನಾನೇ," ಎಂದಳು ಅವಳು. "ತೊಳೆದು ಹಾಕ್ದೆ."

"ಈ ಕ್ರಮ ನಂಗೆ ಹೇಳ್ಕೊಟ್ಟೋರೇ ನೀವು. ಕಣ್ಣು ಮುಚ್ಚಿ ಜೋಡಿಸ್ತಿದ್ರಿ... ನಿಮ್ಮ ಕೈ ತಪ್ಪುತ್ತಾ?"

ಅವಳು ತಲೆ ತಗ್ಗಿಸಿದಳು.

"ತಪ್ಪಲಿಲ್ಲ... ಬೇಕಂತಲೇ ತಪ್ಪಿಸ್ದೆ. ಇದು ಕೆಟ್ರೆ ಅಪ್ಪ ನಿಮ್ಮನ್ನ ಬಿಟ್ಟು ಇನ್ಯಾರನ್ನೂ ಕರೆಯಲ್ಲ."

"ಬನ್ನಿ ಅಂತ ಹೇಳಿ ಕಳಿಸ್ಬಹುದಿತ್ತಲ್ಲ?"

"ಹೇಳದೇ ಹೋದೋರಿಗೆ ನಾನ್ಯಾಕೆ ಹೇಳಿ ಕಳಿಸ್ಲಿ!" ಅವಳ ಕಣ್ಣು ತುಂಬಿತು. "ಯಾಕೆ ಹೋದ್ರಿ?"

"ನಿಮ್ಮ ಮದುವೆ ಗೊತ್ತಾಯ್ತು ಅಂತ ನಿಮ್ಮ ಸೋದರತ್ತೆ ಹೇಳಿದ್ರು. ನಿಂತು ನೋಡೋ ಧೈರ್ಯ ನಂಗಿರ್ಲಿಲ್ಲ..."

"ಗೊತ್ತು ಮಾಡಿದ್ದು ಅತ್ತೆ. ಅವತ್ತೇ ನಾನು ಬೇಡ ಅಂದೆ! ನನ್ನನ್ನ ಒಂದ್ಮಾತು ಕೇಳ್ಬಾರದಿತ್ತಾ?"

ಅವನು ಮಷೀನಿನತ್ತ ಬಾಗಿದ. ರೋಲರ್‌ಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಸೇರಿಸಿ ಹಿಡಿ ತಿರುಗಿಸಿದ. ಥ್ರೆಡ್ ನುಣ್ಣಗೆ ಮೂಡಿಬಂತು. ಆದರೂ ಅವನು ಏಳಲಿಲ್ಲ.

ಕೆಲಸ ಮುಗಿಯಿತು... ಇನ್ನು ಹೊರಡುತ್ತಾನೆ. ಅವಳು ಉಸಿರು ಬಿಗಿಹಿಡಿದಳು.

"ಅವತ್ತು ಕೇಳ್ಲಿಲ್ಲ," ಎಂದ ಅವನು, ಮೊದಲ ಬಾರಿಗೆ ಅವಳ ಕಣ್ಣನ್ನೇ ನೋಡುತ್ತ. "ಈಗ ಕೇಳ್ತೀನಿ. ನಿಮ್ಮ ಜೊತೆ... ಇಲ್ಲೇ ಇದ್ದುಬಿಡ್ಲಾ?"

"ಇರು," ಎಂದಳು ಅವಳು. "ಮತ್ತೆ ಹೋಗ್ಬೇಡ."

"ಇಲ್ಲ... ಹೋಗಲ್ಲ."

ಅಪ್ಪ ಕೇಳಿಸಿಯೂ ಕೇಳಿಸದವರಂತೆ ಎದ್ದು ಹೋಗಿ ಕೈ ತೊಳೆದು ಬಂದರು. ತಮ್ಮ ಊಟದ ಡಬ್ಬಿ ಬಿಚ್ಚಿ, ಅರ್ಧಕ್ಕಿಂತ ಹೆಚ್ಚನ್ನೇ ತಟ್ಟೆಗೆ ಬಡಿಸಿ, ಅವನ ಕೈಗಿತ್ತರು.