ಐದನೇ ಬ್ಲಾಕಿನ ಹನ್ನೊಂದನೇ ಪೋರ್ಟ್

ಎ.ಸಿ. ಕೆಟ್ಟು ಒಂಬತ್ತು ದಿನವಾಗಿತ್ತು. ಹಾಗಾಗಿ ಕಂಟ್ರೋಲ್ ರೂಮಿನ ಬಾಗಿಲಲ್ಲಿ ಟೂಲ್ ಬ್ಯಾಗ್ ನೇತುಹಾಕಿಕೊಂಡ ಮನುಷ್ಯನೊಬ್ಬ ಕಂಡ ಕೂಡಲೇ ನಾನು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

"ಈಗ ಬಂದ್ರಾ? ಫೋನ್ ಮಾಡಿ ಮಾಡಿ ನನ್ನ ಬೆರಳು ಸವೀತು. ನಾನೇನು ಇಲ್ಲೇ ಬೆಂದು ಸಾಯ್ಲಾ? ಅಗಾ, ಆ ಗೋಡೆ ಮೇಲಿದೆ, ನೋಡಿ."

ಅವರು ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಹತ್ತಿ, ಎ.ಸಿ.ಯ ಜಾಲರಿ ಬಿಚ್ಚಿ, ಹೊರಗೆ ಕೊಡವಿ, ನಲ್ಲಿಯಲ್ಲಿ ತೊಳೆದು ತಂದು ಸಿಕ್ಕಿಸಿದರು. ನಾನು ಅಷ್ಟೂ ಹೊತ್ತು ಬೈಯುತ್ತಲೇ ಇದ್ದೆ. ಅರ್ಧ ಗಂಟೆಯಲ್ಲಿ ತಣ್ಣನೆ ಗಾಳಿ ಬಂತು. ನನ್ನ ಕೋಪವೂ ಇಳಿದು, ಟೀ ಕುಡೀತೀರಾ ಎಂದು ಕೇಳಿದೆ.

"ಕುಡೀತೀನಿ ಮೇಡಂ. ಆದ್ರೆ ನಾನು ಎ.ಸಿ.ಯೋನಲ್ಲ. ಟರ್ಮಿನಲ್ ಸರ್ವರ್ ಹಾಕಕ್ಕೆ ಬಂದೋನು. ಪಾಲಾಕ್ಷ ಅಂತ, ಶಿರಾದೋನು."

"ಮತ್ತೆ ಮೊದ್ಲೇ ಹೇಳೋಕೇನಾಗಿತ್ತು?"

"ನೀವು ಸಂದು ಎಲ್ಲಿ ಬುಟ್ರಿ? ಸುಮ್ನೆ ನಿಂತು ಬೈಸ್ಕೊಳ್ಳೋ ಬದ್ಲು ಕೆಲ್ಸಾನೇ ಮಾಡ್ಬುಡಾನ ಅಂದ್ಕೊಂಡೆ."

ನನ್ನ ಮುಖ ಕೆಂಪಾಯಿತು. ಅವರು ನಗಲಿಲ್ಲ, ಆದರೆ ಟೀ ಲೋಟದ ಅಂಚಿನ ಮೇಲಿಂದ ಒಂದು ಸಲ ನೋಡಿದರು. ಬಲಹುಬ್ಬಿನಲ್ಲಿ ಹಳೇ ಗಾಯದ ಗೆರೆ, ಅದರ ಕೆಳಗೆ ನಗು ತಡೆದುಕೊಂಡ ಕಣ್ಣು. ಆ ಕಣ್ಣು ನೋಡಿ ನನಗೆ ಆವತ್ತು ಸರಿಯಾಗಿ ಸಿಟ್ಟು ಬಂತು. ಸಿಟ್ಟಾಗಿ ಬಹಳ ಕಾಲವಾಗಿತ್ತು, ಮನುಷ್ಯರ ಮೇಲೆ.

ನಾನು ಸರ್ವಮಂಗಳಾ. ವಯಸ್ಸು ಮೂವತ್ತೇಳು. ಊರು ಕೊರಟಗೆರೆ ಕಡೆ, ಸಿದ್ದರಬೆಟ್ಟದ ಬುಡ. ಅಲ್ಲಿ ಈಗ ಅಣ್ಣನ ಸಂಸಾರವಿದೆ. ಹೋದರೆ ಅತ್ತಿಗೆ ನೆಂಟರಿಗೆ ಹಾಕುವ ಹಾಗೆ ತಟ್ಟೆ ಹಾಕುತ್ತಾರೆ. ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಒಂದು ಕಂಪನಿಯ ಕಂಟ್ರೋಲ್ ರೂಮು ನನ್ನದು, ಪಾವಗಡದಲ್ಲಿ ಒಂದು ಬಾಡಿಗೆ ಕೋಣೆ ನನ್ನದು. ಹೆಣ್ಣು ನೋಡಲು ಜನ ಬರುವುದು ನಿಂತು ಆರು ವರ್ಷವಾಯಿತು. ಮೊದಮೊದಲು ಸಮಾಧಾನವಾಗಿತ್ತು. ಈಗ ಕೆಲವು ದಿನ, ಮಾತಾಡಲು ಬಾಯಿ ತೆರೆದಾಗ ಬೆಳಗಿನಿಂದ ಇದೇ ಮೊದಲ ಮಾತು ಎಂದು ನೆನಪಾಗುತ್ತದೆ.

ಪಾಲಾಕ್ಷ ತಂದ ಟರ್ಮಿನಲ್ ಸರ್ವರ್ ಎಂದರೆ ಎಂಟು ಕಬ್ಬಿಣದ ಡಬ್ಬಗಳು. ನಮ್ಮ ಜಾಗದಲ್ಲಿ ಎಂಟು ಬ್ಲಾಕು, ಬ್ಲಾಕಿಗೊಂದು ಕಂಟೇನರು, ಕಂಟೇನರಿಗೊಂದು ಡಬ್ಬ. ಒಂದೊಂದರ ಬೆನ್ನಿಗೂ ಹದಿನಾರು ತೂತು, ಅಂದರೆ ಪೋರ್ಟು. ಒಂದೊಂದು ಪೋರ್ಟಿಗೂ ಒಂದು ಮೀಟರೋ ಇನ್ವರ್ಟರೋ ತಗುಲಿಕೊಳ್ಳುತ್ತದೆ. ಇದೆಲ್ಲದರ ಮಾತೂ ನೆಟ್‌ವರ್ಕ್ ಕೇಬಲ್ ಹಿಡಿದು ನನ್ನ ಮೇಜಿನ ಯೂನಿಕ್ಸ್ ಕಂಪ್ಯೂಟರ್ ಯಂತ್ರಕ್ಕೆ ಬಂದು ಸೇರಬೇಕು.

"ಈ ಡಬ್ಬಕ್ಕೆ ಸ್ವಂತ ನೆನಪಿಲ್ಲ ಕಣ್ರೀ," ಎಂದರು ಮೊದಲ ದಿನ, ನನ್ನ ಪಕ್ಕ ಕುರ್ಚಿ ಎಳೆದುಕೊಂಡು. "ಕರೆಂಟು ಬಂದ ತಕ್ಷಣ ನಿಮ್ಮ ಯಂತ್ರಾನ ಕೇಳುತ್ತೆ, ನಾನ್ಯಾರು ಅಂತ. ನೀವು ಅದರ ಹೆಸ್ರು, ಅಡ್ರೆಸ್ಸು ಮೊದ್ಲೇ ಫೈಲಲ್ಲಿ ಬರೆದಿಟ್ಟಿರ್ಬೇಕು."

"ಬರೀದೇ ಇದ್ರೆ?"

"ಕೇಳ್ತಾನೇ ಇರುತ್ತೆ. ಪಾಪ."

ನಾನು ಎಂಟು ಹೆಸರು, ಎಂಟು ಅಡ್ರೆಸ್ ಬರೆದೆ. ಕೀಬೋರ್ಡಿನ ಮೇಲೆ ನನ್ನ ಬೆರಳು ತಪ್ಪಿದಾಗಲೆಲ್ಲ ಅವರು ಕೆಮ್ಮುತ್ತಿದ್ದರು. ನಾಲ್ಕನೇ ಕೆಮ್ಮಿಗೆ, "ಕಫ ಇದ್ರೆ ಶುಂಠಿ ಕಷಾಯ ಕುಡೀರಿ," ಅಂದೆ. ಆಗ ಮೊದಲ ಸಲ ಗಟ್ಟಿಯಾಗಿ ನಕ್ಕರು.

ಪರೀಕ್ಷೆ ಮಾಡುವ ಕ್ರಮ ಹೀಗಿತ್ತು. ಅವರು ಬ್ಲಾಕಿಗೆ ಹೋಗಿ ತಮ್ಮ ಲ್ಯಾಪ್‌ಟಾಪನ್ನು ಒಂದೊಂದೇ ಪೋರ್ಟಿಗೆ ಚುಚ್ಚಬೇಕು. ಅವರು ಅಲ್ಲಿಂದ ಟೈಪ್ ಮಾಡಿದ್ದು ನನಗೆ ಕಾಣಬೇಕು, ನಾನು ಇಲ್ಲಿಂದ ಟೈಪ್ ಮಾಡಿದ್ದು ಅವರಿಗೆ ಕಾಣಬೇಕು. ಹೋಗಲು ಒಂದು ತಂತಿ, ಬರಲು ಇನ್ನೊಂದು. ಎರಡೂ ಸರಿಯಿದ್ದರೆ ಆ ಪೋರ್ಟು ಪಾಸು. ಹತ್ತು ನಿಮಿಷ ಕಾದರೂ ಏನೂ ಬರದಿದ್ದರೆ ಫೇಲ್ ಎಂದು ಬರೆದು ಮುಂದಿನದಕ್ಕೆ ಹೋಗುವುದು. ಕಬ್ಬಿಣದ ಕಂಟೇನರಿನೊಳಗೆ ಫೋನಿಗೆ ಸಿಗ್ನಲ್ ಸಿಗದು, ಹಾಗಾಗಿ ನಮ್ಮ ಮಾತೆಲ್ಲ ಆ ಪೋರ್ಟುಗಳಲ್ಲೇ.

ಮೊದಲ ಬ್ಲಾಕಿನಲ್ಲಿ ಇಬ್ಬರೂ ಶಿಸ್ತಾಗಿ "ಟೆಸ್ಟ್, ಟೆಸ್ಟ್" ಎಂದು ಹೊಡೆದೆವು. ಎರಡನೇ ಬ್ಲಾಕಿನ ಮೂರನೇ ಪೋರ್ಟಿನಲ್ಲಿ ನನ್ನ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬಂತು.

"ಊಟ ಆಯ್ತಾ?"

ನಾನು ಆ ಎರಡು ಪದವನ್ನು ಎಷ್ಟು ಹೊತ್ತು ನೋಡಿದೆನೋ. ಆಮೇಲೆ ಹೊಡೆದೆ: "ಆಯ್ತು. ಚಿತ್ರಾನ್ನ. ನಿಮ್ಮದು?"

"ಶಿರಾ ಕಡ್ಲೆಕಾಯಿ. ಸಂಜೆ ನಿಮಗೂ ತರ್ತೀನಿ. ಪೋರ್ಟ್ ಮೂರು ಪಾಸ್."

ಅಲ್ಲಿಂದಾಚೆ ಪೋರ್ಟಿಗೊಂದು ಮಾತಾಯಿತು. ಒಂದರಲ್ಲಿ ಅವರ ವಯಸ್ಸು, ನಲವತ್ತೊಂದು. ಒಂದರಲ್ಲಿ ನನ್ನ ಬೆಕ್ಕು ಸತ್ತ ಕಥೆ. ಒಂದರಲ್ಲಿ, ಯಾವ ಪೀಠಿಕೆಯೂ ಇಲ್ಲದೆ, "ಮದುವೆ ಆಗಿತ್ತು. ಎರಡು ವರ್ಷಕ್ಕೆ ಬಿಟ್ಟು ಹೋದಳು. ತಿಂಗಳಿಗೆ ನಾಲ್ಕು ದಿನ ಮನೇಲಿರೋ ಗಂಡ ಯಾರಿಗೆ ಬೇಕು. ತಪ್ಪು ಅವಳದಲ್ಲ. ಪೋರ್ಟ್ ಹನ್ನೆರಡು ಪಾಸ್." ನಾನು ಪಟ್ಟಿಯಲ್ಲಿ ಹನ್ನೆರಡರ ಮುಂದೆ ಗುರುತು ಹಾಕಿದೆ.

ಬಾಗಿಲು ಕಾಯುವ ಕದರಪ್ಪ ತಿರುಮಣಿಯವನೇ, ಮಾತಿನಲ್ಲಿ ತೆಲುಗು ಬೆರಕೆ. ಅವನ ಆರು ಎಕರೆ ಈಗ ನಮ್ಮ ಪ್ಯಾನೆಲುಗಳ ಅಡಿಯಲ್ಲಿದೆ. ಅವನಿಗೆ ಹೊಲದ ಮೇಲೂ ಕಣ್ಣು, ನನ್ನ ಮೇಲೂ ಕಣ್ಣು.

"ಏಮಮ್ಮಾ, ಈ ನಡುವೆ ಹೂವ ಮುಡ್ಕೊಂಡು ಬತ್ತಾ ಇದೀಯ?"

"ಪಾವಗಡದಲ್ಲಿ ಮಲ್ಲಿಗೆ ಜಾಸ್ತಿ ಬಂದಿದೆ ಕದರಪ್ಪ."

"ಅವುನವುನು. ಬಂದಿರೋದು ಮಲ್ಲಿಗೇನೇ," ಎಂದು ಅವನು ಬೀಡಿ ಹುಡುಕುತ್ತ ಹೋದ.

ಆದರೆ ಎಣಿಕೆ ನನಗೂ ಬರುತ್ತಿತ್ತು. ಒಟ್ಟು ನೂರಿಪ್ಪತ್ತೆಂಟು ಪೋರ್ಟು. ಕೊನೆಯದು ಪಾಸಾದ ದಿನ ಪಾಲಾಕ್ಷ ಗುಜರಾತಿನ ಇನ್ನೊಂದು ಪಾರ್ಕಿಗೆ ಹೋಗುತ್ತಾರೆ. ಅರ್ಧ ಮುಗಿದ ದಿನ ನನಗೆ ಊಟ ಸೇರಲಿಲ್ಲ. ಚೆನ್ನಾಗಿರುವ ಪೋರ್ಟನ್ನು ಫೇಲ್ ಎಂದು ಬರೆದರೆ ಇನ್ನೊಂದು ದಿನ ಉಳಿದಾರು ಎಂದು ಯೋಚಿಸಿದ್ದೂ ಹೌದು. ಬರೆಯಲಿಲ್ಲ. ಕೆಲಸದಲ್ಲಿ ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ.

ಐದನೇ ಬ್ಲಾಕಿನ ಹನ್ನೊಂದನೇ ಪೋರ್ಟಿನಲ್ಲಿ ಏನೂ ಬರಲಿಲ್ಲ.

"ಇದೀರಾ?" ಎಂದು ಹೊಡೆದೆ. ಇಲ್ಲ. "ಕೇಳಿಸ್ತಿದೆಯಾ?" ಇಲ್ಲ. ಮೂರು ನಿಮಿಷವಾಯಿತು. ಪರದೆಯ ಮೇಲೆ ನನ್ನ ಸಾಲುಗಳಷ್ಟೇ ನಿಂತಿದ್ದವು. ಈ ಪೋರ್ಟು ಸತ್ತಿದೆ ಎಂದುಕೊಂಡೆ. ಹತ್ತು ನಿಮಿಷ ಕಾಯಬೇಕೆಂಬ ನಿಯಮವಿತ್ತಲ್ಲ, ಇನ್ನೂ ಏಳು ಉಳಿದಿತ್ತು. ಕೈ ಸುಮ್ಮನಿರಲಿಲ್ಲ.

"ಈ ಪೋರ್ಟ್ ಸತ್ತಿದೆ, ಅದಕ್ಕೇ ಹೇಳ್ತಿದೀನಿ. ನೀವು ಹೋಗ್ಬೇಡಿ. ದಿನಾ ಇಷ್ಟೊಂದು ಮೀಟರ್ ಜೊತೆ ಕೂತಿರ್ತೀನಿ, ಒಂದೂ ಊಟ ಆಯ್ತಾ ಅನ್ನಲ್ಲ. ನೀವು ಅಂದ್ರಿ. ಆವತ್ತು ನಾನು ಊಟಾನೇ ಮಾಡಿರ್ಲಿಲ್ಲ, ಸುಳ್ಳು ಹೇಳಿದೆ. ಆಮೇಲೆ ಚಿತ್ರಾನ್ನ ಮಾಡ್ಕೊಂಡು ತಿಂದೆ, ಸುಳ್ಳು ನಿಜ ಆಗ್ಲಿ ಅಂತ. ನಿಮ್ಮ ಹುಬ್ಬಿನ ಗಾಯ ಹೆಂಗಾಯ್ತು ಅಂತ ಕೇಳ್ಬೇಕು. ಮುಟ್ಟಿ ಕೇಳ್ಬೇಕು. ಇದನ್ನ ಬಾಯಲ್ಲಿ ಹೇಳೋ ಧೈರ್ಯ ನನಗಿಲ್ಲ."

ಹತ್ತು ನಿಮಿಷವಾಯಿತು. ಫೇಲ್ ಎಂದು ಬರೆದು ಪರದೆಯ ಮೇಲಿನ ಕಿಟಕಿ ಮುಚ್ಚಿದೆ. ಎದೆ ಹಗುರಾಗಿತ್ತು. ಸತ್ತವರ ಕಿವಿಯಲ್ಲಿ ಹೇಳಿದ ಗುಟ್ಟು ಎಲ್ಲಿಗೂ ಹೋಗುವುದಿಲ್ಲ.

ಸಂಜೆ ಅವರು ಬಂದು, "ಹನ್ನೊಂದರದು ಪಿನ್ ಸಡಿಲ ಆಗಿತ್ತು, ಸರಿ ಮಾಡ್ದೆ," ಎಂದರು. ನನ್ನನ್ನು ನೋಡಲಿಲ್ಲ. ಕಡಲೆಕಾಯಿಯ ಪೊಟ್ಟಣ ಮೇಜಿನ ಮೇಲಿಟ್ಟು ಹೊರಟುಬಿಟ್ಟರು.

ಮಾರನೇ ದಿನದಿಂದ ಪರದೆಯ ಮೇಲೆ ಬಂದದ್ದು "ಟೆಸ್ಟ್" ಮಾತ್ರ. ನಾನು ಒಂದೆರಡು ಸಲ ಕೆಣಕಿದೆ. "ಕೆಮ್ಮು ಹೆಂಗಿದೆ?" ಎಂದೆ. "ಪಾಸ್" ಎಂದು ಬಂತು. ನನ್ನ ಮಾತು ಅವರಿಗೆ ಬೇಜಾರಾಯಿತೇನೋ ಎಂದುಕೊಂಡೆ. ಬಾಯಿಬಡುಕಿ ಎಂದು ಅತ್ತಿಗೆ ಹೇಳುವುದು ಸುಳ್ಳಲ್ಲವೇನೋ. ಆರು, ಏಳು, ಎಂಟನೇ ಬ್ಲಾಕುಗಳು ಹೀಗೇ ಮುಗಿದವು. ಹೂವು ಮುಡಿಯುವುದನ್ನು ಬಿಟ್ಟೆ. ಕದರಪ್ಪನೂ ಏನೂ ಕೇಳಲಿಲ್ಲ, ಅದೇ ಹೆಚ್ಚು ಅಳು ತರಿಸಿತು.

ಕೊನೆಯ ದಿನ ಮಧ್ಯಾಹ್ನ ಅವರು ಪರೀಕ್ಷೆಯ ಹಾಳೆಗಳನ್ನು ನನ್ನ ಮುಂದಿಟ್ಟರು. ಅವರ ಕೈಬರಹ. ಪ್ರತಿ ಪೋರ್ಟಿಗೂ ಎರಡು ಕಾಲಂ: "ಕಂಟ್ರೋಲ್ ರೂಮಿನಿಂದ ಬಂದಿದ್ದು", "ಇಲ್ಲಿಂದ ಹೋಗಿದ್ದು". ನಾನು ಸಹಿ ಮಾಡಿದರೆ ಅವರ ಕೆಲಸ ಮುಗಿಯಿತು. ನಾಲ್ಕೂವರೆಯ ಬಸ್ಸಿಗೆ ಹೊರಡುತ್ತಾರೆ, ಶಿರಾದಿಂದ ಮುಂದೆ ಗುಜರಾತು.

ಓದದೆ ಸಹಿ ಹಾಕುವವಳಲ್ಲ ನಾನು. ಒಂದೊಂದೇ ಹಾಳೆ ತಿರುವಿದೆ. ಐದನೇ ಬ್ಲಾಕು, ಹನ್ನೊಂದು. "ಇಲ್ಲಿಂದ ಹೋಗಿದ್ದು" ಎಂಬಲ್ಲಿ ತಪ್ಪಿನ ಗುರುತು. "ಕಂಟ್ರೋಲ್ ರೂಮಿನಿಂದ ಬಂದಿದ್ದು" ಎಂಬಲ್ಲಿ ಸರಿ ಗುರುತು. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ: "ಬರುತ್ತಿದೆ, ಪೂರ್ತಿ. ಹೋಗುವ ತಂತಿ ಮಾತ್ರ ಸಡಿಲ."

ಪೂರ್ತಿ.

ಸತ್ತಿದ್ದು ಒಂದೇ ತಂತಿ. ಅವರದು. ನನ್ನದು ಜೀವಂತವಾಗಿತ್ತು.

"ಓದಿದ್ರಾ?"

ಅವರು ಬ್ಯಾಗಿನ ಜಿಪ್ ಎಳೆಯುತ್ತಿದ್ದವರು ನಿಲ್ಲಿಸಿದರು. "ಓದ್ದೆ."

"ನಿಲ್ಲಿಸೋಕೆ ಹೇಳ್ಬೇಕಿತ್ತು!"

"ಹೇಳ್ದೆ ಕಣ್ರೀ. ಸುಮ್ಕಿರಿ, ನಂಗೆ ಕಾಣ್ತಾ ಐತೆ ಅಂತ ನಾಕು ಸಲ ಹೊಡೆದೆ. ನಿಮಗೆ ಹೋಗ್ತಿರ್ಲಿಲ್ಲ." ಜಿಪ್ಪಿನ ತುದಿ ತಿರುವುತ್ತ ಅಂದರು, "ಆಮೇಲೆ ನಿಲ್ಲಿಸ್ಬಾರ್ದು ಅನ್ನಿಸ್ತು. ಕೀಬೋರ್ಡ್ ಮೇಲಿಂದ ಕೈ ತೆಗೆದ್ಬುಟ್ಟೆ."

"ಅದಾಗಿ ಹನ್ನೊಂದು ದಿನ ಆಯ್ತು. ಐದನೇ ಬ್ಲಾಕಿಂದ ಇಲ್ಲಿಗೆ ನಡೆದ್ರೆ ಎರಡೇ ಕಿಲೋಮೀಟರು."

"ಗೊತ್ತು."

"ಮತ್ತೆ?"

"ಭಯ. ಒಬ್ಬಳನ್ನ ಮನೇಲಿ ಕೂರಿಸಿ ಊರೂರು ಸುತ್ತಿದೋನು ನಾನು. ಅವಳು ಕಾದೂ ಕಾದೂ ಹೆಂಗಾದ್ಲು ಅಂತ ನೋಡಿದೀನಿ. ನಿಮಗೂ ಅಂಗೇ ಮಾಡ್ಲಾ? ನಾನು ಹೊಡೆದಿದ್ದು ನಿಮಗೆ ಬರ್ಲಿಲ್ಲ, ನಾನು ಓದಿದ್ದು ನಿಮಗೆ ಗೊತ್ತೇ ಇಲ್ಲ ಅಂತ ತಿಳಿದಾಗ, ನಿಜ ಹೇಳ್ತೀನಿ, ಸದ್ಯ ಬದುಕಿದೆ ಅನ್ನಿಸ್ತು."

ಅದು ಚುಚ್ಚಿತು. ಬದುಕಿದೆ ಅನ್ನಿಸಿತಂತೆ. ನಾನು ಪೆನ್ನು ತೆಗೆದುಕೊಂಡೆ. ಒಂದೊಂದೂ ಹಾಳೆಗೆ ಸಹಿ ಮಾಡಿದೆ, ಐದನೆಯದಕ್ಕೂ ಮಾಡಿದೆ, ಮೇಜಿನ ಆ ಕಡೆಗೆ ತಳ್ಳಿದೆ.

"ಕೆಲ್ಸ ಮುಗೀತು, ಹೊರಡಿ. ನನ್ನ ಒಂಟಿತನಕ್ಕೇನು ನೀವು ಕಾಂಟ್ರ್ಯಾಕ್ಟ್ ತಗೊಂಡಿಲ್ಲ."

ಅವರು ಏನೋ ಹೇಳಲು ಹೊರಟರು. ನಾನು ಯಂತ್ರದ ಕಡೆ ತಿರುಗಿ ಕೂತೆ. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಪರದೆಯ ಮೇಲೆ ನೂರಿಪ್ಪತ್ತೆಂಟು ಪೋರ್ಟುಗಳೂ ಹಸಿರಾಗಿದ್ದವು. ಇನ್ವರ್ಟರುಗಳು, ಮೀಟರುಗಳು ಎಲ್ಲ ಒಟ್ಟಿಗೆ ಅಂಕಿ ಕಳಿಸುತ್ತಿದ್ದವು. ಇಷ್ಟು ಚೆನ್ನಾಗಿ ಈ ಕೋಣೆ ಯಾವತ್ತೂ ಕೆಲಸ ಮಾಡಿರಲಿಲ್ಲ. ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಂಕಿ ಬರೆಯತೊಡಗಿದೆ. ಕಣ್ಣಿಗೆ ಏಳೂ ಒಂದೂ ಒಂದೇ ಥರ ಕಾಣುತ್ತಿದ್ದವು. ನಾಲ್ಕೂವರೆಯ ಬಸ್ಸಿನ ಹಾರ್ನ್ ಕೇಳಿಸಿತು. ಬಸ್ಸು ನಿಂತಿತು, ಹೊರಟಿತು. ಸರಿ, ನಾಳೆಯಿಂದ ಮತ್ತೆ ಮೊದಲಿನ ಹಾಗೇ ಇದ್ದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮೊದಲಿನ ಹಾಗೆ ಇರಲು ಇನ್ನು ಆಗುವುದಿಲ್ಲ ಎಂದೂ ಗೊತ್ತಿತ್ತು.

ಬಾಗಿಲು ತೆರೆಯಿತು. ಕದರಪ್ಪನೆಂದುಕೊಂಡು ತಿರುಗಲಿಲ್ಲ.

"ಬಸ್ ಹೋಯ್ತು," ಎಂದಿತು ಪಾಲಾಕ್ಷ ಅವರ ದನಿ.

"ತಪ್ಪಿಸ್ಕೊಂಡ್ರಾ?"

"ಇಲ್ಲ. ಬಾಗಿಲು ತೆರೆದೇ ಇತ್ತು. ಹತ್ತಲಿಲ್ಲ."

ನಾನು ತಿರುಗಿದೆ. ಬಿಸಿಲಲ್ಲಿ ನಿಂತು ಮುಖವೆಲ್ಲ ಬೆವರಿತ್ತು. ಬ್ಯಾಗು ಹೆಗಲ ಮೇಲೇ ಇತ್ತು.

"ನಾಳೆ ನಂಗೆ ಇಲ್ಲಿ ಏನೂ ಕೆಲ್ಸ ಇಲ್ಲ," ಎಂದರು. "ಕೆಲ್ಸ ಇಲ್ದೆ ಯಾವ ಊರಲ್ಲೂ ಒಂದಿನ ಇದ್ದೋನಲ್ಲ ನಾನು. ಇರಕ್ಕೆ ಬತ್ತದೋ ಇಲ್ವೋ ಗೊತ್ತಿಲ್ಲ. ಗುಜರಾತಿಗೆ ಸೋಮವಾರ ಹೋಗ್ಲೇಬೇಕು, ಅದು ಸುಳ್ಳಲ್ಲ. ಆದ್ರೆ ಈ ಸಲ ವಾಪಸ್ ಬರಕ್ಕೆ ಒಂದು ಊರು ಇರ್ಲಿ ಅನ್ನಿಸ್ತೈತೆ. ನೀವು ಬೇಡ ಅಂದ್ರೆ ಆರು ಗಂಟೆಗೆ ಇನ್ನೊಂದು ಬಸ್ಸೈತೆ."

"ಕಾಯೋದು ನಂಗೆ ಹೊಸದಲ್ಲ," ಎಂದೆ. "ಯಾರೂ ಬರಲ್ಲ ಅಂತ ಗೊತ್ತಿದ್ದೂ ಕಾದಿದೀನಿ. ಬರ್ತೀನಿ ಅಂದೋರಿಗೆ ಕಾಯೋದು ಕಷ್ಟ ಅಲ್ಲ."

"ಅದು ಉತ್ತರ ಅಲ್ಲ ಕಣ್ರೀ. ನನ್ನ ಮಖ ನೋಡ್ಕೊಂಡು ಹೇಳಿ."

ನಾನು ಕುರ್ಚಿಯಿಂದ ಎದ್ದೆ. ನಮ್ಮ ನಡುವೆ ಎರಡು ಹೆಜ್ಜೆ ದೂರ, ನಡುವೆ ಯಾವ ತಂತಿಯೂ ಇಲ್ಲ. ಹದಿನೆಂಟರ ಹುಡುಗಿಯೂ ಇಷ್ಟು ಹೆದರುವುದಿಲ್ಲ.

"ಇರಿ," ಎಂದೆ. "ನೀವು ನಂಗೆ ಬೇಕು."

ಅವರು ಬ್ಯಾಗನ್ನು ಹೆಗಲಿನಿಂದ ಇಳಿಸಿ ಕೆಳಗಿಟ್ಟರು.