ಮುರಕಲ್ಲಿನ ಚಂದ್ರ

"ಇನ್ನೊಂದು ಸಲ ಹೇಳು," ಎಂದಳು ಭವಿತಾ.

ಮಿಸ್ರಿಯಾ ಕೈ ಕಟ್ಟಿ, ಕಣ್ಣು ಮುಚ್ಚಿ ನಿಂತಳು. "ಎಲ್ಲರಿಗೂ ನಮಸ್ತೆ. ಇದು ನಮ್ಮ ಮಾಡೆಲ್, ಚಂದ್ರ. ಚಂದ್ರನ ಕಲ್ಲು ನಮ್ಮ ಊರಿನ ಮುರಕಲ್ಲಿನ ಹಾಗೆಯೇ ಇರುತ್ತದೆ. ಅದಕ್ಕೇ ಅದರ ಮೈತುಂಬ ಗುಂಡಿಗಳು."

"ಸೂಪರ್!"

ಬೆಳ್ಳಾರೆ ಹತ್ತಿರದ ಆ ಶಾಲೆಯಲ್ಲಿ ಅಂದು ವಿಜ್ಞಾನ ಮೇಳ. ಆರನೇ ಕ್ಲಾಸಿನ ಈ ಗೆಳತಿಯರ ಮುಂದೆ, ಬೆಂಚಿನ ಮೇಲೆ, ಚಂದ್ರ ಬೆಳ್ಳಗೆ ಕುಳಿತಿದ್ದ. ಮನೆ ಕಟ್ಟಿ ಉಳಿದ, ಮೈಯೆಲ್ಲ ತೂತಿರುವ ಒಂದು ಕೆಂಪು ಮುರಕಲ್ಲನ್ನು ಭವಿತಾಳ ಅಪ್ಪ ಸಣ್ಣ ಕೊಡಲಿಯಲ್ಲಿ ಕೆತ್ತಿ ಗುಂಡಗೆ ಮಾಡಿಕೊಟ್ಟಿದ್ದರು. ಶನಿವಾರ, ಭಾನುವಾರ ಕುಳಿತು ಅದಕ್ಕೆ ಸುಣ್ಣ ಬಳಿದವಳು ಮಿಸ್ರಿಯಾ.

ಮೊದಲು ಮಿಸ್ರಿಯಾ ಹೇಳಿದ್ದು ಬೇರೆ. ಹಳೇ ಪೇಪರಿಗೆ ಮೈದಾ ಅಂಟು ಹಚ್ಚಿ ಚಂದ್ರನನ್ನು ಮಾಡುವ ಎಂದಿದ್ದಳು. ಭವಿತಾ ಒಪ್ಪಿರಲಿಲ್ಲ. "ಪೇಪರ್ ಎಂತಕ್ಕೆ ಮಾರಾಯ್ತಿ? ಚಂದ್ರ ಕಲ್ಲಲ್ವಾ? ಮುರಕಲ್ಲಲ್ಲಿ ದೇವರೇ ಮಾಡಿದ ಗುಂಡಿ ಉಂಟು, ರೆಡಿಮೇಡ್!"

ಪಕ್ಕದ ಬೆಂಚಿನ ಮಿದ್ಲಾಜ್ ಇಣುಕಿ ನೋಡಿದ. "ಏ, ನಿಮ್ಮ ಚಂದ್ರನಿಗೆ ಜ್ವರ ಬಂದಿದೆ. ಕೆನ್ನೆ ಕೆಂಪಾಗಿದೆ ನೋಡಿ."

ಹೌದು. ಒಂದು ಕಡೆ ಸುಣ್ಣ ಎದ್ದು ಕೆಂಪು ಕಾಣುತ್ತಿತ್ತು. "ನೀನು ನಿನ್ನ ಜ್ವಾಲಾಮುಖಿ ನೋಡ್ಕೋ, ಈಗಲೇ ಸೋರ್ತಾ ಉಂಟು," ಎಂದು ಹೇಳಿ, ಮಿಸ್ರಿಯಾ ಎದ್ದ ಸುಣ್ಣ ಒತ್ತಿ ಕೂರಿಸಲಿಕ್ಕೆ ಒದ್ದೆ ಬಟ್ಟೆ ತರಲು ಅಡುಗೆ ಕೋಣೆಗೆ ಓಡಿದಳು.

ಆಗಲೇ ಶೀಲಾವತಿ ಟೀಚರ್ ಬಂದರು. ಚಂದ್ರನನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇದು ಮುರಕಲ್ಲಲ್ವಾ?"

"ಹೌದು ಟೀಚರ್!" ಎಂದಳು ಭವಿತಾ.

"ಮುರಕಲ್ಲು ಹೇಗೆ ಆಗುದು ಗೊತ್ತುಂಟಾ? ಮಳೆನೀರು ಕಲ್ಲಿನೊಳಗೆ ಇಳಿದು ಇಳಿದು, ಕರಗುದನ್ನೆಲ್ಲ ತೊಳ್ಕೊಂಡು ಹೋಗ್ತದೆ. ಕರಗದ ಕಬ್ಬಿಣ ಉಳೀತದೆ. ಅದಕ್ಕೇ ಈ ಕೆಂಪು, ಈ ತೂತು. ಲಕ್ಷಗಟ್ಟಲೆ ವರ್ಷದ ಕೆಲಸ ಅದು." ಟೀಚರ್ ಅವಳ ಮುಖ ನೋಡಿದರು. "ಚಂದ್ರನಲ್ಲಿ ಮಳೆ ಬರ್ತದಾ ಭವಿತಾ?"

"ಇಲ್ಲ, ಟೀಚರ್."

"ಮತ್ತೆ? ಚಂದ್ರನ ಬಿಳಿ ಕಲ್ಲಿನ ಕತೆ ಕ್ಲಾಸಲ್ಲಿ ಹೇಳಿದ್ದೆನಲ್ಲ?"

ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತಿತು. ಪುತ್ತೂರಿನ ಕಾಲೇಜಿನಲ್ಲಿ ಕಲ್ಲು ಮಣ್ಣಿನ ಪಾಠ ಮಾಡುವ ಮೇಡಂ ಮೇಳ ನೋಡಲು ಬಂದಿದ್ದರು. ಶೀಲಾವತಿ ಟೀಚರ್ ಸೀರೆ ಸರಿ ಮಾಡಿಕೊಂಡು ಅತ್ತ ಹೋದರು.

ಟೀಚರ್ ಕ್ಲಾಸಲ್ಲಿ ಹೇಳಿದ್ದು ಭವಿತಾಳಿಗೆ ನೆನಪಿತ್ತು. ಚಂದ್ರ ಹುಟ್ಟಿದಾಗ ಅದರ ಮೈಯೆಲ್ಲ ಕರಗಿದ ಕಲ್ಲಿನ ಕಡಲು. ಭಾರದ್ದು ಅಡಿಗೆ ಹೋಯಿತು, ಹಗುರದ್ದು ಮೇಲೆ ತೇಲಿ ಬಿಳಿ ಚಿಪ್ಪಿನ ಹಾಗೆ ಗಟ್ಟಿಯಾಯಿತು. ಎಲ್ಲ ಕೇಳಿದ್ದಳು. ಆದರೂ ಗುಂಡಿ ಕಂಡದ್ದೇ ತಡ, ಮುರಕಲ್ಲು ಎಂದುಬಿಟ್ಟಿದ್ದಳು.

ಸುಮ್ಮನಿದ್ದರೆ ತನಗೇನೂ ಆಗುವುದಿಲ್ಲ. ಮಾತಾಡುವವಳು ಮಿಸ್ರಿಯಾ. ಕೈ ಕಟ್ಟಿ ಕಣ್ಣು ಮುಚ್ಚಿ, ಆ ತಪ್ಪು ಮಾತನ್ನು ಒಂದಕ್ಷರ ಬಿಡದೆ ಹೇಳುವಳು. ಎಲ್ಲರೂ ನಗುವುದು ಅವಳನ್ನು ನೋಡಿ. ಆ ಮಾತು ಕಲಿಸಿದವಳು ಮಾತ್ರ ಪಕ್ಕದಲ್ಲಿ ನಿಂತಿರುವಳು.

"ಸುಬ್ರಾಯ ದೇವರೇ," ಎಂದು ಭವಿತಾ ಅಡುಗೆ ಕೋಣೆಗೆ ಓಡಿದಳು.

ಅಡುಗೆಯ ದೇವಮ್ಮಕ್ಕ ಪಾಯಸಕ್ಕೆ ಬೆಲ್ಲ ಕರಗಿಸಿ ಆಗಷ್ಟೇ ಕೆಳಗಿಳಿಸಿದ್ದರು. ಮಿಸ್ರಿಯಾ ನಲ್ಲಿಯ ಕೆಳಗೆ ಬಟ್ಟೆ ಹಿಂಡುತ್ತಿದ್ದಳು.

"ಮಿಸ್ರಿಯಾ, ನಮ್ಮ ಚಂದ್ರ ತಪ್ಪು. ನಾನು ಹೇಳಿದ್ದೇ ತಪ್ಪು." ಭವಿತಾ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು.

"ಪಡಚ್ಚೋನೇ!" ಎಂದು ಮಿಸ್ರಿಯಾ ದೇವರನ್ನು ಕರೆದಳು. "ಈಗ ಹೇಳುದಾ?" ಅವಳ ಕಣ್ಣಲ್ಲಿ ನೀರು ಬಂತು. "ಸುಣ್ಣ ಹಚ್ಚಿ ಹಚ್ಚಿ ನನ್ನ ಬೆರಳು ಸುಲಿದಿದೆ, ನೋಡು. ನಾನು ಪೇಪರ್ ಅಂತ ಹೇಳಿದಾಗ ನೀನು ನಗಾಡಿದ್ದಲ್ವಾ?"

"ಹೌದು. ನಗಾಡಿದ್ದೆ."

"ಜಗಳ ಆಚೆ ಹೋಗಿ ಮಾಡಿ ಮಕ್ಕಳೇ," ಎಂದರು ದೇವಮ್ಮಕ್ಕ. "ಪಾತ್ರೆ ಅಲ್ಲಾಡಿಸ್ಬೇಡಿ. ಬೆಲ್ಲದ ಹೊಯಿಗೆ ಅಡಿಗೆ ಕೂರ್ಬೇಕು. ಇಲ್ಲದಿದ್ರೆ ಪಾಯಸ ಹಲ್ಲಿಗೆ ಕರಕರ ಸಿಕ್ಕೀತು."

ಇಬ್ಬರೂ ಪಾತ್ರೆಯೊಳಗೆ ನೋಡಿದರು. ಬೆಲ್ಲದ ನೀರು ಮೆಲ್ಲಗೆ ತಣಿಯುತ್ತಿತ್ತು. ಮೇಲೆ ಬಿಳಿ ನೊರೆ, ಕಬ್ಬಿನ ಸಣ್ಣ ಸಣ್ಣ ಸಿಪ್ಪೆ ತೇಲಿ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಹೊಯಿಗೆಯ ಒಂದು ಮರಳುಕಣವೂ ಕಾಣುತ್ತಿರಲಿಲ್ಲ. ಅದು ಅಡಿ ಸೇರಿತ್ತು.

ಭವಿತಾ ಮಿಸ್ರಿಯಾಳ ತೋಳು ಹಿಡಿದಳು. "ಭಾರದ್ದು ಅಡಿಗೆ..."

"...ಹಗುರದ್ದು ಮೇಲೆ," ಎಂದಳು ಮಿಸ್ರಿಯಾ. ಒದ್ದೆ ಬಟ್ಟೆಯಿಂದಲೇ ಮೂಗು ಒರೆಸಿಕೊಂಡಳು. "ದೇವಮ್ಮಕ್ಕ, ಒಂದು ಗಾಜಿನ ಗ್ಲಾಸ್ ಉಂಟಾ?"

ಮೇಡಂ ಈ ಗೆಳತಿಯರ ಬೆಂಚಿಗೆ ಬಂದಾಗ ಚಂದ್ರನ ಪಕ್ಕದಲ್ಲಿ ಬೆಲ್ಲದ ನೀರಿನ ಗ್ಲಾಸ್ ಇತ್ತು. ಮಿಸ್ರಿಯಾ ಬಾಯಿ ತೆರೆಯುವ ಮೊದಲೇ ಭವಿತಾ ಮುಂದೆ ಬಂದಳು.

"ಮೇಡಂ, ಇದು ಚಂದ್ರ ಅಲ್ಲ. ಇದು ಮುರಕಲ್ಲು. ಗುಂಡಿ ನೋಡಿ ನಾನು ತಪ್ಪು ತಿಳ್ಕೊಂಡೆ. ಮುರಕಲ್ಲು ಆಗ್ಲಿಕ್ಕೆ ಮಳೆ ಬೇಕು. ಚಂದ್ರನಲ್ಲಿ ಮಳೆ ಇಲ್ಲ. ಅಲ್ಲಿಯ ಗುಂಡಿ ಆಕಾಶದಿಂದ ಕಲ್ಲು ಬಿದ್ದು ಆದದ್ದು. ಚಂದ್ರನ ವಿಷಯ ಮಿಸ್ರಿಯಾ ಹೇಳ್ತಾಳೆ."

ಯಾರೂ ನಗಲಿಲ್ಲ. ಮೇಡಂ ಕನ್ನಡಕ ಮೇಲೇರಿಸಿ ಬಗ್ಗಿದರು.

ಮಿಸ್ರಿಯಾ ಈ ಸಲ ಕಣ್ಣು ಮುಚ್ಚಲಿಲ್ಲ. ಗ್ಲಾಸಿನ ಅಡಿಯ ಹೊಯಿಗೆ ತೋರಿಸಿದಳು, ಮೇಲಿನ ಬಿಳಿ ಪದರ ತೋರಿಸಿದಳು. ಕರಗಿದ ಕಲ್ಲಿನ ಕಡಲಿನ ಕತೆ ಹೇಳಿದಳು.

"ಚೆಂದ ಉಂಟು," ಎಂದರು ಮೇಡಂ. "ಆದರೆ ಇಡೀ ಚಂದ್ರ ಹಾಗೆ ಕರಗಿತ್ತು ಅಂತ ಹೇಗೆ ಹೇಳ್ತಿ? ಒಂದು ಮೂಲೆ ಮಾತ್ರ ಕರಗಿರ್ಬಹುದಲ್ಲ?"

ಮಿಸ್ರಿಯಾ ಭವಿತಾಳನ್ನು ನೋಡಿದಳು. ಭವಿತಾ ತಲೆಯಾಡಿಸಿದಳು: ನೀನೇ ಹೇಳು.

"ಮೇಡಂ, ಮೊದಲು ಚಂದ್ರನ ಮೇಲೆ ಹೋದವರು ತಂದ ಕಲ್ಲಲ್ಲೂ ಆ ಹಗುರದ ಬಿಳಿ ಜಾತಿಯದ್ದು ಸಿಕ್ಕಿದೆ. ನಮ್ಮ ಚಂದ್ರಯಾನದ ರೋವರ್ ದಕ್ಷಿಣ ಧ್ರುವದ ಹತ್ತಿರ ನೋಡಿದ ಮಣ್ಣಲ್ಲೂ ಅದೇ ಉಂಟು. ಅಷ್ಟು ದೂರ ದೂರದಲ್ಲಿ ಒಂದೇ ತರಹ ಅಂದ್ರೆ... ಪಾತ್ರೆ ಒಂದೇ ಅಲ್ವಾ ಮೇಡಂ?"

ಮೇಡಂ ಜೋರಾಗಿ ನಕ್ಕರು. ಅದು ಖುಷಿಯ ನಗು. "ಪಾತ್ರೆ ಒಂದೇ! ಇದನ್ನು ನಾನು ನಾಳೆ ಕಾಲೇಜಿನಲ್ಲಿ ಹೇಳ್ತೇನೆ." ಮತ್ತೆ ಭವಿತಾಳ ಕಡೆ ತಿರುಗಿ, "ಆ ಮುರಕಲ್ಲು ಅಲ್ಲೇ ಇರ್ಲಿ ಮಗಾ. ಸುಣ್ಣ ಮಾತ್ರ ತೊಳೆದುಬಿಡು," ಎಂದರು.

ಅವರು ಮುಂದೆ ಹೋದದ್ದೇ, ಮಿದ್ಲಾಜ್ ಗ್ಲಾಸಿಗೆ ಬೆರಳು ಅದ್ದಿ ಚೀಪಿದ. "ಚಂದ್ರ ಸಿಹಿ ಉಂಟು ಮಾರಾಯ್ರೆ!"

"ಹೊಯಿಗೆ ತಿಂದದ್ದಾ?" ಎಂದಳು ಮಿಸ್ರಿಯಾ. ಭವಿತಾಳಿಗೆ ನಗು ತಡೆಯಲಾಗಲಿಲ್ಲ.

ಸಂಜೆ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದರು. ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಜಾಗ ಅದು. ಬಸ್ ಸ್ಟಾಪಿನ ಹಿಂದೆ ಮುರಕಲ್ಲು ಗೋಡೆಯ ಹಾಗೆ ನಿಂತಿತ್ತು. ದಿನವೂ ಬೆನ್ನು ಕೊಟ್ಟು ನಿಲ್ಲುತ್ತಿದ್ದ ಭವಿತಾ ಇಂದು ಅದರ ಕಡೆ ತಿರುಗಿ ಅಂಗೈ ಇಟ್ಟಳು. ಕಲ್ಲು ಬಿಸಿಲಿಗೆ ಬೆಚ್ಚಗಿತ್ತು. ಒಂದು ತೂತಿನೊಳಗೆ ಕಿರುಬೆರಳು ಮೆಲ್ಲಗೆ ಇಳಿಯಿತು.

"ಎಂತ ನೋಡುದು ಅಲ್ಲಿ?" ಎಂದು ಮಿಸ್ರಿಯಾ ಕೇಳಿದಳು.

"ಮಳೆ," ಎಂದಳು ಭವಿತಾ.

ಮಿಸ್ರಿಯಾ ತಲೆಯೆತ್ತಿ ನೋಡಿದಳು. ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಆಮೇಲೆ ಅವಳೂ ಬ್ಯಾಗು ಕೆಳಗಿಟ್ಟು, ಗೋಡೆಗೆ ಕೈಯಿಟ್ಟು ಪಕ್ಕದಲ್ಲಿ ನಿಂತಳು.